ಸೆರಗು ತಿರುಗಿಸಿ ನೋಡುವವರು

ಬೆಳಿಗ್ಗೆ ಎಂಟೂವರೆಗೆ ಕೂಕಟ್‌ಪಲ್ಲಿಯ ಹೆದ್ದಾರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಲೆಯ ಮೇಲೆ ಮಿಯಾಪುರದ ಕಡೆಯಿಂದ ಬರುವ ಮೆಟ್ರೊ, ಅದರ ಕಂಬಗಳ ನೆರಳಲ್ಲಿ ಇಡ್ಲಿ-ದೋಸೆಯ ತಳ್ಳುಗಾಡಿಗಳು. ಪೇಪರ್ ಪ್ಲೇಟಿನಲ್ಲಿ ಶೇಂಗಾ ಚಟ್ನಿ ಹಾಕಿಸಿಕೊಂಡು ನಿಂತೇ ತಿನ್ನುವ ಹುಡುಗ ಹುಡುಗಿಯರಲ್ಲಿ ಮುಕ್ಕಾಲು ಪಾಲು ಕೊರಳಿಗೆ ಸಾಫ್ಟ್‌ವೇರ್ ಕಂಪನಿಯ ಪಟ್ಟಿ ನೇತುಹಾಕಿಕೊಂಡವರು. ಉಳಿದವರು ಜೆಎನ್‌ಟಿಯು ಎಂಜಿನಿಯರಿಂಗ್‌ನವರು. ಇವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಬೇರೆ ಬಗೆಯ ವಿದ್ಯಾರ್ಥಿಗಳು ಸಿಗುತ್ತಾರೆ. ಹೆಗಲಿಗೆ ಉದ್ದನೆಯ ಡ್ರಾಯಿಂಗ್ ಕೊಳವೆ, ಕಂಕುಳಲ್ಲಿ ಬಾಗಿಲಿನಷ್ಟಗಲದ ಫೋಲ್ಡರ್. ದೋಸೆ ಹಿಡಿದ ಕೈ ನೋಡಿದರೆ ಉಗುರಿನ ಸಂದಿಯಲ್ಲಿ ನೀಲಿ. ಮೂರು ದಿನ ತಿಕ್ಕಿದರೂ ಹೋಗದ ನೀಲಿ ಅದು. ಇವರು ಜವಳಿ ವಿನ್ಯಾಸ ಓದುವವರು.

ಇವರ ಕಾಲೇಜು ಇರುವುದು ಇಲ್ಲಲ್ಲ, ಮಾದಾಪುರದಲ್ಲಿ. ಹೈಟೆಕ್ ಸಿಟಿಯ ಎದುರಿಗಿರುವ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ನಿಫ್ಟ್. ಹೈದರಾಬಾದಿನಲ್ಲಿ ಅದು ಶುರುವಾದದ್ದು 1995ರಲ್ಲಿ. ಮಾದಾಪುರದ ಬಾಡಿಗೆ ಕೈಗೆಟುಕದವರು ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯ ಹಾಸ್ಟೆಲ್‌ಗಳಲ್ಲಿ ಕೋಣೆಗೆ ಮೂವರಂತೆ ಇರುತ್ತಾರೆ. ನಿಜಾಮಾಬಾದಿನವರು, ಅನಂತಪುರದವರು, ಜೊತೆಗೆ ನಮ್ಮ ರಾಯಚೂರು, ಕಲಬುರಗಿ, ಬೀದರಿನವರು. 1956ರವರೆಗೆ ಈ ಮೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಆ ಕಡೆಯ ತಂದೆತಾಯಂದಿರಿಗೆ ಬೆಂಗಳೂರಿಗಿಂತ ಈ ಊರು ಈಗಲೂ ಹತ್ತಿರ. ಬಸ್ಸಿನಲ್ಲಿ ಮಾತ್ರ ರಾಜ್ಯ ಬದಲಾದದ್ದು ಗೊತ್ತಾಗುತ್ತದೆ. ತೆಲಂಗಾಣದ ಹೆಣ್ಣುಮಕ್ಕಳು ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾರೆ. ರಾಯಚೂರಿನ ಹುಡುಗಿ ಊರಿನಲ್ಲಿ ಶಕ್ತಿ ಯೋಜನೆಯ ಫಲಾನುಭವಿಯಾದರೂ ಇಲ್ಲಿ ಪರ್ಸು ತೆಗೆಯಬೇಕು.

ಕಾಲೇಜಿನ ನೇಯ್ಗೆ ಕೋಣೆಯ ಬಾಗಿಲಲ್ಲೇ ಸದ್ದು ಎದುರುಗೊಳ್ಳುತ್ತದೆ. ಮರದ ಚೌಕಟ್ಟು ಟಕ್ಕೆಂದು ಮುಂದಕ್ಕೆ ಬಂದು ಹೊಕ್ಕಿನ ಎಳೆಯನ್ನು ಕೂರಿಸಿ ಹಿಂದೆ ಸರಿಯುತ್ತದೆ. ಆ ಕಡೆ ಡಾಬಿ ಮಗ್ಗ, ಈ ಕಡೆ ಮೇಜಿನ ಮೇಲಿಡುವ ಪುಟ್ಟ ಮಗ್ಗಗಳ ಸಾಲು. ಮೊದಲ ವರ್ಷ ಚಿತ್ರ, ಬಣ್ಣ, ಆಕಾರಗಳಲ್ಲಿ ಕಳೆದು ಎರಡನೇ ವರ್ಷಕ್ಕೆ ಇಲ್ಲಿಗೆ ಬಂದವರಿಗೆ ಮೊದಲು ಸಿಗುವುದು ಬಣ್ಣದ ಪೆನ್ಸಿಲ್ಲಲ್ಲ, ಚೌಕುಳಿ ಹಾಳೆ. ಹಾಸಿನ ಎಳೆ ಮೇಲಿದ್ದರೆ ಕಪ್ಪು ಮನೆ, ಹೊಕ್ಕು ಮೇಲಿದ್ದರೆ ಬಿಳಿ ಮನೆ. ಒಂದು ಬಿಟ್ಟು ಒಂದು ಕಪ್ಪಾದರೆ ಸಾದಾ ನೇಯ್ಗೆ. ಪ್ರತಿ ಸಾಲಿನಲ್ಲೂ ಕಪ್ಪು ಒಂದು ಮನೆ ಪಕ್ಕಕ್ಕೆ ಸರಿದರೆ ಓರೆ ಗೆರೆ ಮೂಡುತ್ತದೆ. ಅದು ಟ್ವಿಲ್, ನಾವು ದಿನವೂ ತೊಡುವ ಜೀನ್ಸಿನ ಬಟ್ಟೆ. ಹಾಳೆಯ ಮೇಲೆ ಸುಲಭ. ಮಗ್ಗದ ಮೇಲೆ ಒಂದೇ ಒಂದು ಎಳೆ ತಪ್ಪು ಕಣ್ಣಿಗೆ ಸೇರಿದರೂ ಆ ತಪ್ಪು ಬಟ್ಟೆಯುದ್ದಕ್ಕೂ ಗೆರೆಯಾಗಿ ಇಳಿಯುತ್ತದೆ. ಬಿಚ್ಚಿ ಮತ್ತೆ ಪೋಣಿಸಬೇಕು. ಅಂಗೈಯಗಲದ ಒಂದು ತುಂಡಿಗೆ ಇಡೀ ದಿನ ಹೋದದ್ದುಂಟು.

ನೂಲಿನ ಲೆಕ್ಕವನ್ನೂ ಇಲ್ಲೇ ಕಲಿಯುತ್ತಾರೆ. 80ನೇ ನಂಬರಿನ ಹತ್ತಿ ನೂಲು ಎಂದರೆ ಒಂದು ಪೌಂಡಿಗೆ 80 ಲಡಿ, ಒಂದೊಂದು ಲಡಿಯಲ್ಲಿ 840 ಗಜ. ಗುಣಿಸಿದರೆ ಅರವತ್ತೊಂದು ಕಿಲೋಮೀಟರು ದಾಟುತ್ತದೆ. ಅರ್ಧ ಕಿಲೋಗೂ ಕಡಿಮೆ ತೂಗುವ ನೂಲನ್ನು ಕೂಕಟ್‌ಪಲ್ಲಿಯಲ್ಲಿ ಹಿಡಿದು ಹೊರಟರೆ ಹತ್ತಿರ ಹತ್ತಿರ ಪೋಚಂಪಲ್ಲಿ ಮುಟ್ಟಬಹುದು.

ಆ ಪೋಚಂಪಲ್ಲಿಗೆ ಹೋಗದೆ ಇಲ್ಲಿ ಯಾರ ಓದೂ ಮುಗಿಯುವುದಿಲ್ಲ. ನಗರದ ಆಚೆ ತುದಿ ದಾಟಿ ಯಾದಾದ್ರಿ ಭುವನಗಿರಿ ಜಿಲ್ಲೆಗೆ ಹೋಗಬೇಕು. 1951ರಲ್ಲಿ ವಿನೋಬಾ ಭಾವೆಯವರಿಗೆ ಮೊದಲ ಭೂದಾನ ಸಿಕ್ಕ ಊರು. ಬೀದಿಯ ಎರಡೂ ಬದಿ ಮನೆ, ಮನೆಯೊಳಗೆ ಕುಣಿ ಮಗ್ಗ, ಮಗ್ಗದ ಪಕ್ಕ ಟಿವಿ. ಎಳೆಗೆ ಮೊದಲೇ ಬಣ್ಣ ಹಾಕಿ ನೇಯುವ ಇಕ್ಕತ್ ಇಲ್ಲಿ ಅನಾದಿ ಕಾಲದಿಂದ ಇದೆ ಎಂದುಕೊಂಡು ಬಂದ ವಿದ್ಯಾರ್ಥಿಗೆ ಮೊದಲ ಆಶ್ಚರ್ಯ ಕಾದಿರುತ್ತದೆ. ಈ ಕೆಲಸ ಚೀರಾಲದ ಕಡೆಯಿಂದ ಇಲ್ಲಿಗೆ ಬಂದದ್ದು ಕಳೆದ ಶತಮಾನದಲ್ಲಿ. ಎಣ್ಣೆ ಮತ್ತು ಬೂದಿಯ ನೀರಿನಲ್ಲಿ ನೂಲು ನೆನೆಸಿ ಕೆಂಪು ಕಪ್ಪು ಬಣ್ಣ ಹಾಕುವ ತೇಲಿಯಾ ರುಮಾಲು ಅರಬ್ ದೇಶಗಳಿಗೆ ಹೋಗುತ್ತಿದ್ದ ಕಾಲ ಅದು. ರೇಷ್ಮೆ ಸೀರೆ ಬಂದದ್ದು ಇನ್ನೂ ತಡವಾಗಿ. ನಾವು ಪರಂಪರೆ ಎನ್ನುವುದನ್ನು ಇಲ್ಲಿಯವರು ಮಾರುಕಟ್ಟೆ ನೋಡಿಕೊಂಡು ತಾವೇ ಕಟ್ಟಿಕೊಂಡಿದ್ದಾರೆ.

ಇಕ್ಕತ್‌ನಲ್ಲಿ ಚಿತ್ರ ನೇಯ್ಗೆಗಿಂತ ಮೊದಲೇ ಹುಟ್ಟುತ್ತದೆ. ನೂಲನ್ನು ಚೌಕಟ್ಟಿಗೆ ಬಿಗಿದು, ಬಣ್ಣ ಹತ್ತಬಾರದ ಜಾಗಗಳನ್ನು ರಬ್ಬರ್ ಪಟ್ಟಿಯಿಂದ ಕಟ್ಟಿ, ಅದ್ದಿ, ಒಣಗಿಸಿ, ಬಿಚ್ಚಿ, ಬೇರೆ ಕಡೆ ಕಟ್ಟಿ, ಮತ್ತೆ ಅದ್ದುತ್ತಾರೆ. ವಿದ್ಯಾರ್ಥಿ ಲ್ಯಾಪ್‌ಟಾಪಿನಲ್ಲಿ ಬರೆದು ತಂದ ಬಳ್ಳಿಯನ್ನು ನೇಕಾರರು ಒಂದು ನಿಮಿಷ ನೋಡಿ ಕೇಳುವುದು ಒಂದೇ ಮಾತು: ಇದಕ್ಕೆ ಎಷ್ಟು ಕಟ್ಟು? ಬಳ್ಳಿ ಬಾಗಿದಷ್ಟೂ ಕಟ್ಟು ಹೆಚ್ಚು, ಕಟ್ಟು ಹೆಚ್ಚಿದಷ್ಟೂ ದಿನ ಹೆಚ್ಚು. ಇಲ್ಲಿನ ಚಿತ್ರಗಳು ಮೆಟ್ಟಿಲು ಮೆಟ್ಟಿಲಾಗಿ, ಚೌಕ ಚೌಕವಾಗಿ ಇರುವುದರ ಗುಟ್ಟು ಆಗ ತಿಳಿಯುತ್ತದೆ.

ಕಟ್ಟುವುದಕ್ಕೂ ಮೊದಲು ‘ಆಸು’ ಎಂಬ ಕೆಲಸವಿದೆ. ಅರ್ಧ ವೃತ್ತವಾಗಿ ನೆಟ್ಟ ಗೂಟಗಳಿಗೆ ನೂಲು ಸುತ್ತುವುದು. ಒಂದು ಸೀರೆಗೆ ಸಾವಿರಾರು ಸಲ ಕೈ ಹೋಗಿ ಬರಬೇಕು, ಮತ್ತು ಆ ಕೈ ಸಾಮಾನ್ಯವಾಗಿ ಮನೆಯ ಹೆಂಗಸರದು. ತಾಯಿಯ ರಟ್ಟೆ ನೋವು ನೋಡಲಾರದೆ, ಶಾಲೆಯನ್ನು ಅರ್ಧಕ್ಕೆ ಬಿಟ್ಟ ಚಿಂತಕಿಂದಿ ಮಲ್ಲೇಶಂ ವರ್ಷಗಟ್ಟಲೆ ಗುದ್ದಾಡಿ ಅದಕ್ಕೊಂದು ಯಂತ್ರ ಮಾಡಿದರು. ತಾಯಿಯ ಹೆಸರನ್ನೇ ಇಟ್ಟು ಲಕ್ಷ್ಮೀ ಆಸು ಎಂದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2019ರಲ್ಲಿ ಅವರ ಕತೆ ತೆಲುಗು ಸಿನಿಮಾ ಆಯಿತು. ಮಲ್ಲೇಶಂ ಸೀರೆಯ ಮೇಲೆ ಒಂದು ಹೂವನ್ನೂ ಹೊಸದಾಗಿ ಬರೆದವರಲ್ಲ. ಆದರೂ ವಿನ್ಯಾಸದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ರಾಯಚೂರಿನ ಹುಡುಗಿಗೆ ಇನ್ನೊಂದು ಪಾಠ ಮನೆಯ ಟ್ರಂಕಿನಲ್ಲೇ ಇತ್ತು. ಅಜ್ಜಿಯ ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿ ಹಾಸು ಮುಗಿದು ಸೆರಗಿನ ರೇಷ್ಮೆ ಹಾಸು ಶುರುವಾಗುವ ಕಡೆ ಗಂಟಿಲ್ಲ, ಹೊಲಿಗೆಯಿಲ್ಲ. ಒಂದು ಎಳೆಯ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿದ ಕೊಂಡಿಗಳ ಸಾಲು. ತೆಲಂಗಾಣದ ಗದ್ವಾಲ ಸೀರೆಯಲ್ಲೂ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಬೆಲೆಬಾಳುವ ರೇಷ್ಮೆ ಎದ್ದು ಕಾಣುವ ಕಡೆ, ಬೆವರು ಹೀರುವ ಹತ್ತಿ ಮೈಗೆ. ಬಿಸಿಲುನಾಡಿನ ಜಾಣತನ ಇದು. ಊರಲ್ಲಿದ್ದಾಗ ಅವಳು ಆ ಸೀರೆಯನ್ನು ಬರೀ ಹಳೆಯದು ಎಂದುಕೊಂಡಿದ್ದಳು. ಈಗ ಭೂತಗನ್ನಡಿ ಹಿಡಿದು ಕೊಂಡಿ ಎಣಿಸುತ್ತಾಳೆ.

ಸಂಜೆ ಕೂಕಟ್‌ಪಲ್ಲಿಗೆ ವಾಪಸಾಗುವ ಹೊತ್ತಿಗೆ ಹೆದ್ದಾರಿಯ ಸೀರೆ ಮಾಲ್‌ಗಳ ದೀಪ ಹತ್ತಿರುತ್ತವೆ. ಐದಂತಸ್ತಿನ ಗಾಜಿನ ಕಟ್ಟಡಗಳು, ಅವುಗಳ ಮೇಲೆ ಸಿನಿಮಾ ನಟಿಯರ ಆಳೆತ್ತರ ಮೀರಿದ ಮುಖಗಳು. ಅವುಗಳ ಹಿಂದಿನ ಗಲ್ಲಿಯಲ್ಲಿ ಮ್ಯಾಚಿಂಗ್ ಸೆಂಟರ್. ಹತ್ತಡಿ ಅಗಲದ ಅಂಗಡಿ, ನೆಲದಿಂದ ಸೂರಿನವರೆಗೆ ರವಿಕೆ ಬಟ್ಟೆಯ ಸುರುಳಿಗಳು. ಹಸಿರೊಂದೇ ಗೋಡೆಯ ಕಾಲುಭಾಗ ನುಂಗಿದೆ: ಗಿಳಿ, ಪಾಚಿ, ಮಾವಿನೆಲೆ, ಬಾಟಲಿ, ಮೆಹೆಂದಿ. ಗಿರಾಕಿ ಸೀರೆ ಚಾಚಿದ ಕೂಡಲೇ ಕೆಲಸದ ಹುಡುಗ ಸುರುಳಿಯೊಂದನ್ನು ಎಳೆಯುತ್ತಾನೆ. ಆಮೇಲೆ ಎರಡನ್ನೂ ಹಿಡಿದು ಅಂಗಡಿಯ ಮೆಟ್ಟಿಲಿಗೆ ಬಂದು ಹೊರಗೆ ಇನ್ನೂ ಉಳಿದ ಹಗಲ ಬೆಳಕಿಗೆ ಒಡ್ಡುತ್ತಾನೆ. “ಟ್ಯೂಬ್‌ಲೈಟ್ ಮೋಸ ಮಾಡ್ತದ್ರೀ.” ಕಾಲೇಜಿನಲ್ಲಿ ಇದಕ್ಕೊಂದು ಪೆಟ್ಟಿಗೆಯಿದೆ, ಗುಂಡಿ ಒತ್ತಿದರೆ ಹಗಲ ಬೆಳಕು, ಅಂಗಡಿಯ ಬೆಳಕು, ಮನೆಯ ಬೆಳಕು ಬದಲಾಗುತ್ತವೆ. ಬೇರೆ ಬೇರೆ ಬಣ್ಣದ್ರವ್ಯದಲ್ಲಿ ಅದ್ದಿದ ಎರಡು ಬಟ್ಟೆ ಒಂದು ಬೆಳಕಿನಲ್ಲಿ ಅವಳಿಗಳಂತೆ ಕಂಡು ಇನ್ನೊಂದರಲ್ಲಿ ಬೇರೆಯಾಗುವುದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಹುಡುಗನಿಗೆ ಆ ಪದ ಬೇಕಿಲ್ಲ. ಮೆಟ್ಟಿಲೇ ಅವನ ಪ್ರಯೋಗಾಲಯ.

ಸೀರೆ ಮಾಲಿನ ಎರಡನೇ ಮಹಡಿಯಲ್ಲಿ ಬಿಳಿ ಗಾದಿಯ ಮೇಲೆ ಸೀರೆಗಳ ಗುಡ್ಡ. ಮಾರುವವರು ನಾರಾಯಣಪೇಟೆಯ ಕಡೆಯವರು, ಗಡಿಯ ಊರು, ಕನ್ನಡ ಬರುತ್ತದೆ. ರಾಯಚೂರಿನ ಹುಡುಗಿ ಸೀರೆಯ ಮುಖ ನೋಡುವ ಮೊದಲು ಸೆರಗು ತಿರುಗಿಸುತ್ತಾಳೆ.

“ಅಣ್ಣಾ, ಇದು ಮಗ್ಗದ್ದಲ್ಲ, ಪ್ರಿಂಟು.”

“ಹೌದವ್ವ. ಪೋಚಂಪಲ್ಲಿ ಡಿಜೈನ್ ಅಂದೆ ನಾ, ಪೋಚಂಪಲ್ಲಿ ಅಂದ್ನೇನು?”

ಹಿಂಬದಿ ಮಂಕಾಗಿತ್ತು. ಇಕ್ಕತ್‌ನಲ್ಲಿ ಎಳೆಗೇ ಬಣ್ಣ ಕುಡಿಸಿರುವುದರಿಂದ ಎರಡೂ ಮುಖ ಒಂದೇ. ಬಣ್ಣ ಬದಲಾಗುವ ಗೆರೆಯಲ್ಲಿ ಎಳೆಗಳು ತುಸು ಹಿಂದೆ ಮುಂದಾಗಿ ಅಂಚು ಹರಡಿಕೊಳ್ಳುತ್ತದೆ. ಚತುರ ಪ್ರಿಂಟಿನವರು ಆ ಹರಡುವಿಕೆಯನ್ನೂ ಅಚ್ಚು ಹಾಕುತ್ತಾರೆ. ಆದರೆ ಅಂಚಿನಿಂದ ಒಂದು ಎಳೆ ಎಳೆದು ಬಿಚ್ಚಿದರೆ ಸುಳ್ಳು ನಿಲ್ಲದು. ಎಂಟುನೂರರ ಸೀರೆ, ಎಂಟು ಸಾವಿರದ ಸೀರೆ ಒಂದೇ ಗಾದಿಯ ಮೇಲಿರುವಾಗ ತಿಂಗಳ ಸಂಬಳದವರು ಯಾವುದಕ್ಕೆ ಕೈ ಹಾಕುತ್ತಾರೆಂದು ಊಹಿಸುವುದು ಕಷ್ಟವಲ್ಲ. ದೇಶದ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರ ಬದುಕು ಆ ಕೈ ಎತ್ತ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಓದು ಮುಗಿದ ಮೇಲೆ ಈ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹಾಸಿಗೆ ಹೊದಿಕೆ, ಪರದೆ ಬಟ್ಟೆ ರಫ್ತು ಮಾಡುವ ಕಂಪನಿಗಳಿಗೋ ಸಿದ್ಧ ಉಡುಪಿನ ಬ್ರ್ಯಾಂಡ್‌ಗಳಿಗೋ ಸೇರುತ್ತಾರೆ. ಪ್ರಿಂಟಿನ ಇಕ್ಕತ್ ಬರೆಯುವ ಕೆಲಸವೂ ಅವರಿಗೇ ಬಂದೀತು. ಕೆಲವರು ಮಾತ್ರ ನೇಕಾರರ ಊರುಗಳಿಗೆ ಹೋಗುತ್ತಾರೆ.

ಪಕ್ಕದಲ್ಲಿ ಬೀದರಿನ ತಾಯಿಯೊಬ್ಬರು, ಮಗನ ಮನೆಗೆ ಬಂದವರು, ಕೈಮಗ್ಗದ ಕೆಂಪು ಹತ್ತಿ ಸೀರೆ ಹಿಡಿದುಕೊಂಡು ಕೂತಿದ್ದರು. ಸೆರಗು ತಿರುಗಿಸುವ ಹುಡುಗಿಗೆ ಸೀರೆಯ ವಿಷಯ ಗೊತ್ತಿರಬೇಕು ಎಂದು ಅವರಿಗೆ ಅನ್ನಿಸಿತು.

“ಯವ್ವಾ, ಇದು ಒಗದ್ರ ಬಣ್ಣ ಹೋಗ್ತದೇನು?”

ಹುಡುಗಿ ಬಾಟಲಿಯ ನೀರಿನಲ್ಲಿ ಕರವಸ್ತ್ರದ ತುದಿ ಒದ್ದೆ ಮಾಡಿ ಸೆರಗಿನ ಮೂಲೆಯಲ್ಲಿ ಹತ್ತು ಸಲ ತಿಕ್ಕಿದಳು. ಪ್ರಯೋಗಾಲಯದಲ್ಲಿ ಇದನ್ನೇ ಯಂತ್ರದಿಂದ ಮಾಡುತ್ತಾರೆ. ಬಿಳಿ ಬಟ್ಟೆ ಕೆಂಪಗಾಯಿತು. ಅವಳ ಮುಖವೂ ಸಣ್ಣಗಾಯಿತು. ಇಷ್ಟು ಹೊತ್ತು ಹೀಗಳೆದ ಪ್ರಿಂಟಿನ ಪಾಲಿಸ್ಟರ್ ಸೀರೆ ಈ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು, ಮಗ್ಗದ ಅಸಲಿ ಸೀರೆ ಸೋತಿತು.

“ಉಪ್ಪು ನೀರಾಗ ನೆನಿ ಹಾಕಿದ್ರ ನಿಲ್ಲಂಗಿಲ್ಲೇನು?”

“ಇಲ್ಲಮ್ಮಾ. ಉಪ್ಪು ಬೇಕಾಗೋದು ಬಣ್ಣ ಹಾಕೋವಾಗ. ಆಮ್ಯಾಲೆ ಎಳಿಗೆ ಅಂಟದ ಬಣ್ಣನ ಬಿಸಿ ಸೋಪಿನ ನೀರಾಗ ಪೂರ್ತಿ ತೊಳದು ತಗೀಬೇಕು. ಅದನ್ನ ಅರ್ಧಕ್ಕ ಬಿಟ್ಟಾರ.”

ತೊಳೆಯಲು ಇನ್ನಷ್ಟು ನೀರು, ಇನ್ನಷ್ಟು ಸೌದೆ, ಇನ್ನರ್ಧ ದಿನದ ಕೂಲಿ ಬೇಕಾಗುತ್ತದೆ ಎಂಬುದೂ ಅವಳಿಗೆ ಗೊತ್ತು. ನೇಕಾರರ ಊರಿಗೆ ಹೋಗುವ ವಿನ್ಯಾಸಗಾರರು ಹೂವು ಬಳ್ಳಿಗಳ ಜೊತೆಗೆ ಆ ಅರ್ಧ ದಿನದ ಖರ್ಚು ಎಲ್ಲಿಂದ ಹುಟ್ಟಬೇಕು ಎಂಬುದನ್ನೂ ಲೆಕ್ಕ ಹಾಕಿಕೊಂಡು ಹೋಗಬೇಕು.

ತಾಯಿ ಸೀರೆ ಬಿಡಲಿಲ್ಲ. ಕೆಂಪು ಅವರ ಮನಸ್ಸಿಗೆ ಹತ್ತಿಬಿಟ್ಟಿತ್ತು. ಕರವಸ್ತ್ರವನ್ನು ಮಾರುವವರ ಮೂಗಿನ ಮುಂದೆ ಹಿಡಿದು ಚೌಕಾಸಿಗೆ ಇಳಿದರು. ಒಂದೇ ದರ ಎಂಬ ಬೋರ್ಡು ತೋರಿಸಿದರೂ ಕೇಳಲಿಲ್ಲ. ಮ್ಯಾನೇಜರು ಬಂದರು, ಕರವಸ್ತ್ರ ನೋಡಿದರು, ಇನ್ನೂರು ರೂಪಾಯಿ ಇಳಿಸಿದರು.

“ಎಷ್ಟ್ ವರ್ಷದ್ದವ್ವಾ ನಿನ್ನ ಓದು?”

“ನಾಕು ವರ್ಷರೀ.”

“ಓದು, ಓದು. ಮುಂದಿನ ಸಲ ಬಣ್ಣ ಹೋಗ್ಲಾರದ್ದು ಮಾಡಿಸಿ ಇಡು, ಪೂರಾ ರೊಕ್ಕ ಕೊಡ್ತೀನಿ.”