ಕೊನೆ ಇಳಿಯುವ ಹಗ್ಗ, ಕಾರಿನ ಸ್ಟಾರ್

ಕೊನೆಕೊಯ್ಲಿನ ದಿನ ಅಡಿಕೆ ತೋಟದಲ್ಲಿ ನಿಂತವರೆಲ್ಲ ಇದನ್ನು ನೋಡಿರುತ್ತಾರೆ. ಮರದ ತುದಿಯಲ್ಲಿ ಕೂತ ಕೊನೆಗೌಡ ಕೊಯ್ದ ಕೊನೆಯನ್ನು ಕೆಳಕ್ಕೆ ಎಸೆಯುವುದಿಲ್ಲ, ಹಗ್ಗಕ್ಕೆ ಸಿಕ್ಕಿಸಿ ಬಿಡುತ್ತಾನೆ. ಹಗ್ಗದ ಇನ್ನೊಂದು ತುದಿಯನ್ನು ಓರೆಯಾಗಿ ಎಳೆದು ಹಿಡಿದು ಕೆಳಗೆ ಒಬ್ಬ ನಿಂತಿರುತ್ತಾನೆ. ಸರ್ರನೆ ಜಾರಿ ಬಂದ ಕೊನೆ ಅವನ ಕೈಗೆ ಸಿಕ್ಕು ನಿಲ್ಲುತ್ತದೆ. ಎತ್ತರ ಅದೇ, ತೂಕವೂ ಅದೇ. ಆದರೆ ನೇರ ನೆಲಕ್ಕೆ ಬಿದ್ದರೆ ಕಾಯಿ ಚೆಲ್ಲಾಪಿಲ್ಲಿ, ಹಗ್ಗದಲ್ಲಿ ಬಂದರೆ ಕೊನೆ ಇಡಿಯಾಗಿ ಉಳಿಯುತ್ತದೆ. ವ್ಯತ್ಯಾಸವೆಲ್ಲ ನಿಲ್ಲುವ ಬಗೆಯಲ್ಲಿದೆ.

ಕಾರಿನ ಅಪಘಾತ ಸುರಕ್ಷತೆಯ ವಿಜ್ಞಾನ ನಿಂತಿರುವುದೂ ಇದೇ ಮಾತಿನ ಮೇಲೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಮಂಡಿಗೆ ಹೋಗಿ ಹಣ ಕೈಸೇರಿದ ಮೇಲೆ ಮನೆಮನೆಯಲ್ಲಿ ಹೊಸ ಕಾರಿನ ಮಾತು ಏಳುತ್ತದೆ. ಹೊಸನಗರ ಹತ್ತಿರದ ನಮ್ಮ ಅಕ್ಕನ ಮನೆಯವರ ಜೊತೆ ನಾನೂ ಶಿವಮೊಗ್ಗದ ಷೋರೂಮಿಗೆ ಹೋಗಿದ್ದೆ. ಭಾವ ಮೈಲೇಜ್ ಕೇಳಿದರು, ನಮ್ಮ ಮಣ್ಣು ರಸ್ತೆಗೆ ಅಡಿ ತಾಗುವುದಿಲ್ಲವಲ್ಲ ಎಂದು ಬಗ್ಗಿ ನೋಡಿದರು, ಕೊನೆಗೆ ಬಾನೆಟ್ ಮೇಲೆ ಬೆರಳಿನ ಗೆಣ್ಣಿನಿಂದ ಕುಟ್ಟಿ, "ತಗಡು ಗಟ್ಟಿ ಇದೆ ಮಾರಾಯ, ಇದೇ ಆಗ್ಲಿ" ಎಂದರು. ಅಕ್ಕ ಮಾತ್ರ ಹಿಂದಿನ ಬಾಗಿಲು ತೆಗೆದು ಸೀಟು ನೋಡುತ್ತಾ, "ಮಕ್ಕಳನ್ನ ಇಲ್ಲೇ ಅಲ್ವಾ ಕೂರಿಸೋದು? ಅವರಿಗೆ ಏನಿದೆ ಇದರಲ್ಲಿ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ತಗಡಿನಲ್ಲಿ ಸಿಗುವುದಿಲ್ಲ.

ಗಂಟೆಗೆ 64 ಕಿ.ಮೀ. ವೇಗವನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ ಸುಮಾರು 18 ಮೀಟರ್. ಎತ್ತರದಿಂದ ಬೀಳುವ ವಸ್ತುವಿಗೆ ಈ ವೇಗ ಬರಬೇಕಾದರೆ ಅದು 16 ಮೀಟರ್, ಅಂದರೆ 50 ಅಡಿಗೂ ಹೆಚ್ಚು ಬೀಳಬೇಕು. ಬೆಳೆದ ಅಡಿಕೆ ಮರದ ಎತ್ತರ ಅದು. ಆ ವೇಗದಲ್ಲಿ ಕಾರು ಡಿಕ್ಕಿ ಹೊಡೆದರೆ ಒಳಗಿದ್ದವರು ಅಡಿಕೆ ಮರದ ತುದಿಯಿಂದ ಬಿದ್ದಂತೆ. ಅವರು ನೆಲಕ್ಕೆ ಬೀಳುತ್ತಾರೋ, ಹಗ್ಗದಲ್ಲಿ ಇಳಿಯುತ್ತಾರೋ ಎಂಬುದನ್ನು ಕಾರು ತೀರ್ಮಾನಿಸುತ್ತದೆ.

ಕಾರಿನಲ್ಲಿ ಆ ಹಗ್ಗದ ಕೆಲಸ ಮಾಡುವುದು ಮುಂಭಾಗ. ಡಿಕ್ಕಿಯಾದಾಗ ಅದು ಮಡಚಿಕೊಂಡು ನುಜ್ಜಾಗಬೇಕು, ಹಾಗೆಂದೇ ಅದನ್ನು ಮಾಡಿರುತ್ತಾರೆ. ಅದು ನುಜ್ಜಾಗುತ್ತಾ ಕಾರು ಸುಮಾರು 60 ಸೆಂ.ಮೀ. ದೂರದಲ್ಲಿ ನಿಂತಿತು ಎನ್ನಿ. ಒಳಗಿದ್ದವರ ಮೇಲೆ ಬೀಳುವ ಸರಾಸರಿ ಬಲ ಅವರ ತೂಕದ 27 ಪಟ್ಟು. ಬೆಲ್ಟ್, ಏರ್‌ಬ್ಯಾಗ್ ಇದ್ದರೆ ಆರೋಗ್ಯವಂತ ದೇಹ ಇದನ್ನು ಕ್ಷಣಮಾತ್ರ ತಾಳಬಲ್ಲದು. ಅದೇ ಕಾರು ಬಂಡೆಯಂತೆ ಗಟ್ಟಿಯಾಗಿದ್ದು 10 ಸೆಂ.ಮೀ.ಯಲ್ಲೇ ನಿಂತರೆ ಆ ಬಲ 160 ಪಟ್ಟಿಗೆ ಏರುತ್ತದೆ. ಆದ್ದರಿಂದ ಮೂತಿ ಜಜ್ಜಿಹೋದ ಕಾರನ್ನು ನೋಡಿ "ಎಂಥ ಕಾರಪ್ಪ" ಎಂದು ಹಳಿಯಬಾರದು. ನೋಡಬೇಕಾದ್ದು ಮೂತಿಯ ಹಿಂದಿರುವ, ಜನ ಕೂರುವ ಗೂಡನ್ನು. ಬಾಗಿಲ ಚೌಕಟ್ಟು ಬಾಗಿದೆಯೇ? ಸ್ಟೇರಿಂಗ್ ಎದೆಯ ಕಡೆ ಬಂದಿದೆಯೇ? ಪೆಡಲ್ ಇರುವ ಜಾಗ ಕುಸಿದಿದೆಯೇ? ಮುಂಭಾಗ ಮೆತ್ತಗೆ ಮಡಚಿಕೊಳ್ಳಬೇಕು, ಕೂರುವ ಗೂಡು ಮಾತ್ರ ಅಲುಗಬಾರದು. ಬಾನೆಟ್ ಕುಟ್ಟಿದರೆ ಕೇಳುವ ಸದ್ದು ಈ ಎರಡರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಇದನ್ನು ತಿಳಿಯಲು ಇರುವ ದಾರಿ ಒಂದೇ, ಕಾರನ್ನು ನಿಜಕ್ಕೂ ಗುದ್ದಿಸಿ ನೋಡುವುದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಹೀಗೆ ಗುದ್ದಿಸಿತು. ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ, ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ 5ಕ್ಕೆ ಸೊನ್ನೆ ಸ್ಟಾರ್. ಆ ಫಲಿತಾಂಶ ದೇಶದ ಕಣ್ಣು ತೆರೆಸಿತು. 2018ರ ಡಿಸೆಂಬರ್‌ನಲ್ಲಿ ಅದೇ ಸಂಸ್ಥೆಯ ಪರೀಕ್ಷೆಯಲ್ಲಿ ಟಾಟಾ ನೆಕ್ಸಾನ್ 5 ಸ್ಟಾರ್ ಪಡೆಯಿತು, ಭಾರತದಲ್ಲಿ ತಯಾರಾದ ಕಾರೊಂದಕ್ಕೆ ಅದು ಮೊದಲು. ಅದೇ ಕಾರಿಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಸಿಕ್ಕಿದ್ದು 4 ಸ್ಟಾರ್. ಅಂಕ ಬಯಲಾದರೆ ಕಾರ್ಖಾನೆಗಳು ತಿದ್ದಿಕೊಳ್ಳುತ್ತವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗ ಹೀಗೆ ಗುದ್ದಿಸಿ ಸ್ಟಾರ್ ಕೊಡಲು ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. 2023ರ ಆಗಸ್ಟ್ 22ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಇದಕ್ಕೆ ಚಾಲನೆ ಕೊಟ್ಟರು, ಅಕ್ಟೋಬರ್ 1ರಿಂದ ಜಾರಿಗೆ ಬಂತು. ಮೂರೂವರೆ ಟನ್‌ವರೆಗಿನ ಕಾರುಗಳಿಗೆ ಮೂರು ಬಗೆಯ ಪರೀಕ್ಷೆ. ಮೂರನ್ನೂ ನಮ್ಮ ರಸ್ತೆಯಲ್ಲಿ ನಿಂತೇ ಅರ್ಥ ಮಾಡಿಕೊಳ್ಳಬಹುದು.

ಮೊದಲನೆಯದು ಎದುರು ಡಿಕ್ಕಿ. 64 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗದ ಅಗಲದಲ್ಲಿ ಶೇ 40ರಷ್ಟು ಮಾತ್ರ ತಡೆಗೋಡೆಗೆ ತಾಗುವಂತೆ ಗುದ್ದಿಸುತ್ತಾರೆ. ಆ ಗೋಡೆಗೆ ಜೇನುಗೂಡಿನಂಥ ಅಲ್ಯುಮಿನಿಯಂ ಹೊದಿಕೆ. ತೀರ್ಥಹಳ್ಳಿಯಿಂದ ಆಗುಂಬೆಗೆ, ಹೊಸನಗರದಿಂದ ಹುಲಿಕಲ್ ಘಾಟಿಗೆ ಹೋಗುವಾಗ ತಿರುವಿನಲ್ಲಿ ಎದುರಿನ ವಾಹನ ನಮ್ಮ ಬದಿಗೆ ನುಗ್ಗಿದರೆ ತಾಗುವುದು ಹೀಗೇ, ಡ್ರೈವರ್ ಇರುವ ಅರ್ಧಕ್ಕೆ. ಎಲ್ಲ ಬಲವೂ ಒಂದೇ ಮಗ್ಗುಲಿಗೆ ಬೀಳುವುದರಿಂದ ಪೂರ್ತಿ ಮುಂಭಾಗ ತಾಗುವುದಕ್ಕಿಂತ ಇದು ಗೂಡಿಗೆ ಕಠಿಣ.

ಎರಡನೆಯದು ಬದಿಯ ಡಿಕ್ಕಿ. ನಿಂತ ಕಾರಿನ ಪಕ್ಕಕ್ಕೆ 50 ಕಿ.ಮೀ. ವೇಗದಲ್ಲಿ ಒಂದು ಗಾಡಿ ಬಂದು ಗುದ್ದುತ್ತದೆ. ತೋಟದ ದಾರಿಯಿಂದ ಹೆದ್ದಾರಿಗೆ ಏರುವವರು ಸದಾ ಎದುರಿಸುವ ಅಪಾಯ ಇದು.

ಮೂರನೆಯದು ಮಲೆನಾಡಿಗೆಂದೇ ಮಾಡಿದಂತಿದೆ. ಕಾರನ್ನು ಅಡ್ಡಡ್ಡ ಜಾರಿಸಿ 29 ಕಿ.ಮೀ. ವೇಗದಲ್ಲಿ 25 ಸೆಂ.ಮೀ. ದಪ್ಪದ ಉಕ್ಕಿನ ಕಂಬಕ್ಕೆ ತಾಗಿಸುತ್ತಾರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ರಸ್ತೆಯಂಚಿನಲ್ಲಿ ಕಾರು ಅಡ್ಡ ಜಾರಿ ಅಕೇಶಿಯಾ ಮರಕ್ಕೆ ಬಡಿಯುವುದನ್ನು ನೆನೆಸಿಕೊಳ್ಳಿ. ಬದಿಯಲ್ಲಿ ನುಜ್ಜಾಗಲು ಜಾಗವೇ ಇಲ್ಲ, ತಲೆಗೂ ಮರಕ್ಕೂ ನಡುವೆ ಇರುವುದು ಒಂದು ಗಾಜು. ಅಲ್ಲಿ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಜೀವ ಉಳಿಸುತ್ತದೆ. 3 ಸ್ಟಾರ್ ಮತ್ತು ಅದಕ್ಕಿಂತ ಮೇಲೆ ಬೇಕೆನ್ನುವ ಕಾರು ಈ ಕಂಬವನ್ನು ಎದುರಿಸಲೇಬೇಕು. ಕಾರು ಜಾರಿದಾಗ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಅದನ್ನು ದಾರಿಗೆ ತರುವ ಇಎಸ್‌ಸಿ ವ್ಯವಸ್ಥೆಯೂ ಅದರಲ್ಲಿ ಇರಲೇಬೇಕು. ಕೆರೆಯಂತೆ ನೀರು ನಿಲ್ಲುವ ನಮ್ಮ ರಸ್ತೆಗಳಲ್ಲಿ ಇಎಸ್‌ಸಿ ಇಲ್ಲದ ಕಾರನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಫಲಿತಾಂಶವನ್ನು ಎರಡು ಕಡೆ ಓದಬೇಕು. ದೊಡ್ಡವರ ರಕ್ಷಣೆಗೆ ಒಟ್ಟು 32 ಅಂಕ, 27 ಬಂದರೆ 5 ಸ್ಟಾರ್. ಮಕ್ಕಳ ರಕ್ಷಣೆಗೆ ಒಟ್ಟು 49 ಅಂಕ, 41 ಬಂದರೆ 5 ಸ್ಟಾರ್. ಎರಡೂ ಒಂದೇ ಆಗಿರಬೇಕೆಂದಿಲ್ಲ. 2025ರಲ್ಲಿ ಮಾರುತಿ ಬಲೆನೊ ದೊಡ್ಡವರ ವಿಭಾಗದಲ್ಲಿ 4 ಸ್ಟಾರ್, ಮಕ್ಕಳ ವಿಭಾಗದಲ್ಲಿ 3 ಸ್ಟಾರ್ ಪಡೆಯಿತು. ಅಕ್ಕನ ಪ್ರಶ್ನೆಗೆ ಉತ್ತರ ಇರುವುದು ಈ ಎರಡನೆಯ ಸಾಲಿನಲ್ಲಿ. ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕೂರಿಸಿ ಈ ಅಂಕ ಕೊಡುತ್ತಾರೆ.

ಏರ್‌ಬ್ಯಾಗ್ ಎಣಿಕೆಯೊಂದೇ ಸಾಲದು. ಆರು ಏರ್‌ಬ್ಯಾಗ್ ಇದ್ದೂ ಕಿಯಾ ಕ್ಯಾರೆನ್ಸ್‌ಗೆ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕೊಟ್ಟದ್ದು 3 ಸ್ಟಾರ್. ಪರೀಕ್ಷೆ ನಡೆದ ವರ್ಷವನ್ನೂ ನೋಡಿ. ಗ್ಲೋಬಲ್ ಎನ್‌ಕ್ಯಾಪ್ 2022ರಲ್ಲಿ ನಿಯಮ ಬಿಗಿ ಮಾಡಿತು, ಆದ್ದರಿಂದ ಅದಕ್ಕೂ ಹಿಂದಿನ 5 ಸ್ಟಾರ್ ಇಂದಿನ 5 ಸ್ಟಾರ್‌ಗೆ ಸಮವಲ್ಲ. ಭಾರತ್ ಎನ್‌ಕ್ಯಾಪ್ ಕಡ್ಡಾಯವಲ್ಲ ಎಂಬುದೂ ನೆನಪಿರಲಿ. ನೀವು ನೋಡುತ್ತಿರುವ ಕಾರಿಗೆ ಸ್ಟಾರೇ ಇಲ್ಲದಿದ್ದರೆ ಯಾಕಿಲ್ಲ ಎಂದು ಷೋರೂಮಿನಲ್ಲೇ ಕೇಳಿ.

ಸ್ಟಾರಿಗೂ ಮಿತಿ ಇದೆ, ಅದು ಪರೀಕ್ಷೆಯ ವೇಗಕ್ಕಷ್ಟೇ ಸಲ್ಲುತ್ತದೆ. 2025ರ ಜುಲೈ 14ರಂದು ಇದೇ ಗಡ್ಕರಿಯವರು ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನು ಉದ್ಘಾಟಿಸಿದರು. ಸಿಗಂದೂರಿಗೆ ಲಾಂಚ್ ಕಾದು ನಿಲ್ಲುತ್ತಿದ್ದವರಿಗೆ ಈಗ ಎರಡೂವರೆ ಕಿಲೋಮೀಟರ್ ನೇರ ದಾರಿ. ಅಂಥ ದಾರಿಯಲ್ಲಿ ಮುಳ್ಳು 80 ದಾಟುವುದು ಗೊತ್ತೇ ಆಗುವುದಿಲ್ಲ. 80ರಲ್ಲಿ ಡಿಕ್ಕಿಯ ಶಕ್ತಿ 64ರಲ್ಲಿ ಇರುವುದರ ಒಂದೂವರೆ ಪಟ್ಟಿಗೂ ಹೆಚ್ಚು. ಮರದ ಲೆಕ್ಕದಲ್ಲಿ ಹೇಳುವುದಾದರೆ 80 ಅಡಿ ಎತ್ತರದಿಂದ ಬಿದ್ದಂತೆ. ಆ ವೇಗಕ್ಕೆ ಯಾರೂ ಸ್ಟಾರ್ ಕೊಟ್ಟಿಲ್ಲ. ಹಿಂದಿನ ಸೀಟಿನಲ್ಲಿ ಕೂರುವ ದೊಡ್ಡವರ ಗಾಯವನ್ನೂ ಈ ಪರೀಕ್ಷೆ ಅಳೆಯುವುದಿಲ್ಲ. ಅಜ್ಜಿ, ಅತ್ತೆ, ನೆಂಟರು ಕೂರುವುದು ಅಲ್ಲೇ.

ಇನ್ನೊಂದು ಲೆಕ್ಕ ಹೇಳಿ ಮುಗಿಸುತ್ತೇನೆ. ಮದುವೆಗೋ ದೇವಸ್ಥಾನಕ್ಕೋ ಹೊರಟಾಗ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ನಮ್ಮ ರೂಢಿ. 10 ಕಿಲೋ ತೂಕದ ಮಗು 27 ಪಟ್ಟಿನ ಲೆಕ್ಕದಲ್ಲಿ ಡಿಕ್ಕಿಯ ಕ್ಷಣಕ್ಕೆ 270 ಕಿಲೋ ಆಗುತ್ತದೆ. ಹತ್ತಿರ ಹತ್ತಿರ ಎರಡೂ ಮುಕ್ಕಾಲು ಕ್ವಿಂಟಲ್ ಅಡಿಕೆಯನ್ನು ಯಾವ ತಾಯಿಯೂ ತೋಳಲ್ಲಿ ಹಿಡಿದು ನಿಲ್ಲಿಸಲಾರಳು. ಹೊಸ ಕಾರಿನ ಜೊತೆಗೇ ಮಕ್ಕಳ ಸೀಟನ್ನೂ ತನ್ನಿ, ಅದನ್ನು ಹಿಂದಿನ ಸೀಟಿನಲ್ಲಿ ಅದಕ್ಕೆಂದೇ ಇರುವ ಐಸೋಫಿಕ್ಸ್ ಕೊಂಡಿಗೆ ಬಿಗಿಯಿರಿ. ಹಿಂದಿನ ಸೀಟಿನ ಬೆಲ್ಟ್ ಕಾನೂನಿನಲ್ಲೂ ಕಡ್ಡಾಯ, ತಪ್ಪಿದರೆ 1000 ರೂಪಾಯಿ ದಂಡ. ಕವರ್ ಹಾಕಿಸುವಾಗ ಆ ಬೆಲ್ಟನ್ನು ಸೀಟಿನಡಿ ಮುಚ್ಚಿಹೋಗಲು ಬಿಡಬೇಡಿ.

ನಮ್ಮ ಭಾವ ಕೊನೆಗೆ ಬೇರೆ ಕಾರು ತಂದರು, ಮಕ್ಕಳ ಅಂಕ ನೋಡಿಯೇ ತಂದರು. ನೀವೂ ನೋಡಿ ತನ್ನಿ. ತಂದ ಮೇಲೆ ಒಂದು ಮಾತು ಮರೆಯಬೇಡಿ: 5 ಸ್ಟಾರ್ ತಂದುಕೊಟ್ಟ ಪರೀಕ್ಷೆಯಲ್ಲಿ ಪ್ರತಿಯೊಂದು ಗೊಂಬೆಯೂ ಬೆಲ್ಟ್ ಬಿಗಿದುಕೊಂಡೇ ಕೂತಿರುತ್ತದೆ. ನಾವೂ ಹಾಗೇ ಕೂರೋಣ.