ಕಡಲತೀರಕ್ಕೆ ಎಷ್ಟು ಗಂಟುಮೂಟೆ?

ಮಲ್ಪೆಯ ಕಡಲತೀರದಲ್ಲಿ ಬಸ್ಸಿನಿಂದಿಳಿಯುವ ಸಂಸಾರಗಳನ್ನು ತಾವು ನೋಡಿರಬಹುದು. ಜಮಖಾನ, ಬುತ್ತಿಯ ಡಬ್ಬಿಗಳು, ಕೊಡೆ, ಚೆಂಡು, ತಲೆಗೆರಡು ಜೊತೆ ಬಟ್ಟೆ! ಬಂದದ್ದು ವಿಹಾರಕ್ಕೋ ಬಿಡಾರ ಹೂಡುವುದಕ್ಕೋ ಎಂಬ ಸಂದೇಹ ಬಾರದಿರದು.

ಇದರಲ್ಲಿ ಬಿಡಬಾರದ್ದು ಕುಡಿಯುವ ನೀರು. ತಲೆಗೆ ೨ ಲೀಟರಿನಂತೆ ಐವರಿಗೆ ಒಯ್ದರೆ ಅದೇ ೧೦ ಕಿಲೋ ಭಾರವಾಯಿತು. ಆದುದರಿಂದ ಉಳಿದುದನ್ನು ಇಳಿಸಲೇಬೇಕು. ಜಮಖಾನಕ್ಕೆ ಬದಲು ಹಳೆಯ ನೂಲಿನ ಸೀರೆ ಸಾಕು. ಕೊಡವಿದರೆ ಮರಳು ಉದುರುತ್ತದೆ, ಬೇಗ ಒಣಗುತ್ತದೆ. ಮೊಸರನ್ನ ಬಿಸಿಲಿಗೆ ಹುಳಿಯಾದೀತು, ಒಗ್ಗರಣೆ ಹಾಕಿದ ಅವಲಕ್ಕಿ ಹಗುರ. ಹಾಸುವುದನ್ನು ಒದ್ದೆ ಮರಳಿನ ಗೆರೆಗಿಂತ ಮೇಲೆಯೇ ಹಾಸಿರಿ. ಇಳಿತದಿಂದ ಉಬ್ಬರಕ್ಕೆ ಸುಮಾರು ೬ ಗಂಟೆ. ಬೆಳಿಗ್ಗೆ ಒಣಗಿದ್ದ ಜಾಗದಲ್ಲಿ ಮಧ್ಯಾಹ್ನ ತಮ್ಮ ಚಪ್ಪಲಿಗಳು ತೇಲಿಯಾವು.

ಹೊರುವ ಕಷ್ಟವೇನೋ ಅಷ್ಟಕ್ಕೇ ಮುಗಿಯಿತು. ಕಾಯುವ ಕಷ್ಟ ದೊಡ್ಡದು. ಸಾಮಾನು ಹೆಚ್ಚಿದಷ್ಟೂ ಮಕ್ಕಳ ಮೇಲಿರಬೇಕಾದ ಹಿರಿಯರ ಕಣ್ಣು ಚೀಲಗಳ ಮೇಲಿರುತ್ತದೆ. ಹಿಂದಿರುಗುವ ಅಲೆಯ ಸೆಳೆತವಾದರೋ ಮೊಣಕಾಲುದ್ದದ ನೀರಿನಲ್ಲಿಯೂ ಮಗುವನ್ನು ಕೆಡವಬಲ್ಲದು. ಬೆಲೆಬಾಳುವುದನ್ನೆಲ್ಲ ಮನೆಯಲ್ಲಿಯೇ ಬಿಟ್ಟು ಬಂದರೆ ದೊಡ್ಡವರಿಬ್ಬರು ನೀರಿನಂಚಿನಲ್ಲಿ ಮಕ್ಕಳ ಕೈಹಿಡಿದು ನಿಲ್ಲಬಹುದು. ಜೂನಿನಿಂದ ಸೆಪ್ಟೆಂಬರಿನವರೆಗೆ, ಮಳೆಗಾಲದ ಕಡಲಿಗೆ ಮಾತ್ರ ಇಳಿಯುವುದೇ ಬೇಡ. ದಡದಿಂದಲೇ ನೋಡಿ ಬನ್ನಿ.