ಆಪರೇಷನ್‌ಗೆ ಮುಂಚಿನ ನಿದ್ದೆ

ಪೂರ್ಣ ಅರಿವಳಿಕೆ ಪಡೆದ ರೋಗಿ ಎಷ್ಟು ಬೇಗ ಎಚ್ಚರಗೊಳ್ಳುತ್ತಾನೆ, ಎಷ್ಟು ಚೆನ್ನಾಗಿ ಚೇತರಿಸಿಕೊಳ್ಳುತ್ತಾನೆ ಎಂಬುದನ್ನು ಮದ್ದಿನ ಪ್ರಮಾಣವೊಂದೇ ನಿರ್ಧರಿಸುವುದಿಲ್ಲ. ಅದಕ್ಕೆ ಮುಂಚಿನ ವಾರಗಳಲ್ಲಿ ಅವನ ನಿದ್ದೆ ಹೇಗಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಷ್ಟಾದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಾತ್ರೆಗಳ ಬಗ್ಗೆ ವೈದ್ಯರಿಗೆ ತಪ್ಪದೆ ಹೇಳುವವರು ನಿದ್ದೆಯ ವಿಷಯ ಎತ್ತುವುದು ಅಪರೂಪ.

ಸಿಡ್ನಿಯ ಪಶ್ಚಿಮಕ್ಕಿರುವ ಪೆಂಡಲ್ ಹಿಲ್‌ನಲ್ಲಿ ಭಾರತ, ಶ್ರೀಲಂಕಾ ಮೂಲದ ಕುಟುಂಬಗಳು ಬಹಳಷ್ಟಿವೆ. ಅಲ್ಲಿಂದ ನಗರದ ಕಡೆಗೆ ರೈಲಿನಲ್ಲಿ ಎರಡನೇ ನಿಲ್ದಾಣ ವೆಸ್ಟ್‌ಮೀಡ್; 1978ರಲ್ಲಿ ಆರಂಭವಾದ ದೊಡ್ಡ ಸರ್ಕಾರಿ ಆಸ್ಪತ್ರೆ ಇರುವುದು ಅಲ್ಲಿಯೇ. ಆಸ್ಟ್ರೇಲಿಯಾದ ಸರ್ಕಾರಿ ಆಸ್ಪತ್ರೆಗಳು ತೀರಾ ತುರ್ತಲ್ಲದ ಆಪರೇಷನ್‌ಗಳನ್ನು ಮೂರು ವರ್ಗ ಮಾಡಿ 30, 90, 365 ದಿನಗಳ ಗಡುವು ಇಟ್ಟುಕೊಂಡಿವೆ. ಮಂಡಿನೋವಿನವರು ಹೀಗೆ ತಿಂಗಳುಗಟ್ಟಲೆ ಕಾಯುವಾಗ ನೋವೇ ರಾತ್ರಿಯ ನಿದ್ದೆ ಕೆಡಿಸುತ್ತದೆ. ವಲಸೆ ಬಂದವರಿಗೆ ಇನ್ನೊಂದು ಕಾರಣವೂ ಇದೆ. ಬೆಂಗಳೂರಿಗಿಂತ ಸಿಡ್ನಿಯ ಗಡಿಯಾರ ನಾಲ್ಕೂವರೆ ಗಂಟೆ, ಅಲ್ಲಿನ ಬೇಸಿಗೆಯಲ್ಲಿ ಐದೂವರೆ ಗಂಟೆ ಮುಂದೆ ಓಡುತ್ತದೆ. ಊರಿನವರ ಜತೆ ಮಾತು, ಬೆಂಗಳೂರಿನ ಕಚೇರಿಯ ಮೀಟಿಂಗು ಮುಗಿಯುವಷ್ಟರಲ್ಲಿ ನಡುರಾತ್ರಿಯಾಗಿರುತ್ತದೆ.

ಅರಿವಳಿಕೆ ನಿದ್ದೆಯಲ್ಲ. ನಿದ್ರಿಸುವವರನ್ನು ಅಲುಗಾಡಿಸಿದರೆ ಏಳುತ್ತಾರೆ. ಅರಿವಳಿಕೆಯಲ್ಲಿರುವವರಿಗೆ ಕತ್ತಿ ತಾಗಿದರೂ ತಿಳಿಯುವುದಿಲ್ಲ. ಆದರೆ ಎರಡಕ್ಕೂ ಮಿದುಳಿನಲ್ಲಿ ಕೆಲವು ದಾರಿಗಳು ಸಮಾನ. ನಿದ್ದೆಗೆಟ್ಟಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತದೆ, ತೂಕಡಿಕೆಯ ಒತ್ತಡ ಏರುತ್ತದೆ. ನಿದ್ದೆ ತಪ್ಪಿಸಿದ ಇಲಿಗಳಿಗೆ ಪ್ರೊಪೊಫಾಲ್, ಐಸೊಫ್ಲುರೇನ್ ಕೊಟ್ಟ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಅವು ಬೇಗ ಪ್ರಜ್ಞೆ ತಪ್ಪಿದವು, ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಂಡವು. ಮನುಷ್ಯರ ವಿಷಯದಲ್ಲಿ ಅರಿವಳಿಕೆ ತಜ್ಞರು ಪಕ್ಕದಲ್ಲೇ ನಿಂತು ಮದ್ದನ್ನು ಹೆಚ್ಚುಕಡಿಮೆ ಮಾಡುತ್ತಿರುವುದರಿಂದ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ನಿಜವಾದ ತೊಂದರೆ ಶುರುವಾಗುವುದು ಕಣ್ಣು ಬಿಟ್ಟ ಮೇಲೆ. ನಿದ್ದೆ ಕಡಿಮೆಯಾದವರಿಗೆ ಅದೇ ಗಾಯ ಹೆಚ್ಚು ನೋಯುತ್ತದೆ: ನೋವನ್ನು ಗ್ರಹಿಸುವ ಮಿದುಳಿನ ಭಾಗ ಚುರುಕಾಗುತ್ತದೆ, ಅದನ್ನು ತಗ್ಗಿಸುವ ಭಾಗಗಳು ಮಂಕಾಗುತ್ತವೆ. ನೋವು ಹೆಚ್ಚಾದರೆ ಮಾರ್ಫಿನ್ ಜಾತಿಯ ಮದ್ದು ಹೆಚ್ಚು ಬೇಕಾಗುತ್ತದೆ. ಆ ಮದ್ದಿನಿಂದ ಓಕರಿಕೆ, ಮಂಪರು, ಮತ್ತೆ ಕೆಟ್ಟ ನಿದ್ದೆ. ವಯಸ್ಸಾದವರಲ್ಲಿ ಇನ್ನೂ ಗಂಭೀರವಾದದ್ದು ಡೆಲಿರಿಯಮ್. ಆಪರೇಷನ್ ಆದ ದಿನಗಳಲ್ಲಿ ಎಲ್ಲಿದ್ದೇನೆ, ಎದುರಿಗಿರುವವರು ಯಾರು ಎಂಬುದೇ ತಿಳಿಯದೆ ಗೊಂದಲಗೊಳ್ಳುವ ಸ್ಥಿತಿ ಇದು. ಮೊದಲೇ ನಿದ್ದೆ ಸರಿಯಿಲ್ಲದ ಹಿರಿಯರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಚೇತರಿಕೆಯನ್ನು ರೋಗಿಯ ಬಾಯಿಂದಲೇ ಕೇಳಿ ಅಳೆಯುವ ಪ್ರಶ್ನಾವಳಿಯೊಂದನ್ನು ಮೆಲ್ಬರ್ನ್‌ನ ಪಾಲ್ ಮೈಲ್ಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. 15 ಪ್ರಶ್ನೆ, ಒಟ್ಟು 150 ಅಂಕ. ನೋವು, ವಾಂತಿ, ಉಸಿರಾಟದ ಜತೆಗೆ ಒಳ್ಳೆಯ ನಿದ್ದೆ ಬಂತೇ, ದಣಿವು ಆರಿದಂತಿದೆಯೇ ಎಂದೂ ಅದು ಕೇಳುತ್ತದೆ.

ಕೆಟ್ಟ ನಿದ್ದೆಯ ಕಾರಣಗಳಲ್ಲಿ ಅರಿವಳಿಕೆ ತಜ್ಞರು ಹೆಚ್ಚು ಅಂಜುವುದು ಸ್ಲೀಪ್ ಆಪ್ನಿಯಾಗೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ. ಜೋರಾದ ಗೊರಕೆಯನ್ನು ಗಾಢ ನಿದ್ದೆಯ ಗುರುತೆಂದು ನಂಬುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಎಷ್ಟೋ ವೇಳೆ ಅದು ಉಸಿರುಗಟ್ಟುವುದರ ಗುರುತು. ಅರಿವಳಿಕೆ ಮದ್ದು, ನೋವಿನ ಮದ್ದು ಎರಡೂ ಆ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ಉಸಿರಾಟವನ್ನು ಕುಗ್ಗಿಸುತ್ತವೆ. ಈ ಕಾಯಿಲೆಗೆ ಇಂದು ಜಗತ್ತಿನಾದ್ಯಂತ ಬಳಸುವ ಸಿಪ್ಯಾಪ್ ಯಂತ್ರ ಹುಟ್ಟಿದ್ದು ಸಿಡ್ನಿಯಲ್ಲೇ. ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲನ್ನು ತೆರೆದಿಡುವ ಈ ವಿಧಾನವನ್ನು ಕಾಲಿನ್ ಸಲಿವನ್ 1980ರಲ್ಲಿ ರೋಗಿಯ ಮೇಲೆ ಪ್ರಯೋಗಿಸಿ, 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಯಂತ್ರ ಇರುವವರು ಅದನ್ನು ಆಸ್ಪತ್ರೆಗೆ ಜತೆಗೇ ಒಯ್ಯಬೇಕು.

ಕಾಯಿಲೆ ಇದೆಯೆಂದೇ ತಿಳಿಯದವರ ಸಂಖ್ಯೆ ದೊಡ್ಡದು. ಅವರನ್ನು ಗುರುತಿಸಲು ಟೊರಾಂಟೊದಲ್ಲಿ ರೂಪುಗೊಂಡ ‘ಸ್ಟಾಪ್-ಬ್ಯಾಂಗ್’ ಎಂಬ ಎಂಟು ಪ್ರಶ್ನೆಗಳನ್ನು ಕೇಳುತ್ತಾರೆ: ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ರಕ್ತದೊತ್ತಡ, ತೂಕ, ವಯಸ್ಸು, ಕತ್ತಿನ ಸುತ್ತಳತೆ, ಗಂಡು ಹೆಣ್ಣು. ಉಸಿರು ನಿಲ್ಲುವುದು ನಿದ್ರಿಸುವವರಿಗೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಮಲಗುವ ಹೆಂಡತಿಗೋ ಗಂಡನಿಗೋ ಗೊತ್ತಿರುತ್ತದೆ, ಹಾಗಾಗಿ ತಪಾಸಣೆಗೆ ಅವರೂ ಜತೆಗೆ ಹೋಗುವುದು ಒಳ್ಳೆಯದು. ಇಂಗ್ಲಿಷ್ ಬಾರದ ಹಿರಿಯರಿಗೆ ನ್ಯೂ ಸೌತ್ ವೇಲ್ಸ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ದುಭಾಷಿಯ ನೆರವು ಉಚಿತ. ಮಕ್ಕಳ ಮುಂದೆ ಹೇಳಲು ಸಂಕೋಚಪಡುವುದನ್ನು ದುಭಾಷಿಯ ಮೂಲಕ ಹೇಳುವುದು ಅವರಿಗೆ ಸುಲಭ.

ಹಿಂದಿನ ರಾತ್ರಿ ಆತಂಕದಿಂದ ನಿದ್ದೆ ಬಾರದಿದ್ದರೆ ಹೆದರಬೇಕಿಲ್ಲ. ಅಷ್ಟಕ್ಕೇ ಆಪರೇಷನ್ ಮುಂದೂಡುವುದಿಲ್ಲ. ಆದರೆ ಮನೆಯಲ್ಲಿ ಉಳಿದಿದ್ದ ನಿದ್ದೆಮಾತ್ರೆಯನ್ನು ತಾವಾಗಿ ನುಂಗಬಾರದು. ಫ್ರಾನ್ಸಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಪರೇಷನ್‌ಗೆ ಮುಂಚೆ ಲೊರಾಜೆಪಾಮ್ ಪಡೆದವರ ಉಸಿರಾಟದ ಕೊಳವೆ ತೆಗೆಯಲು 17 ನಿಮಿಷ ಹಿಡಿಯಿತು, ಏನೂ ಪಡೆಯದವರಿಗೆ 12. ಮಾತ್ರೆ ಪಡೆದವರ ತೃಪ್ತಿಯೇನೂ ಹೆಚ್ಚಾಗಿರಲಿಲ್ಲ. ದಿನವೂ ನಿದ್ದೆಮಾತ್ರೆ ತೆಗೆದುಕೊಳ್ಳುವವರು ಅದನ್ನು ಏಕಾಏಕಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಆಪರೇಷನ್ ನಂತರ ಮೊದಲ ಒಂದೆರಡು ರಾತ್ರಿ ಕನಸಿನ ನಿದ್ದೆ ಬಹುಮಟ್ಟಿಗೆ ಇಲ್ಲವಾಗಿ, ಆಮೇಲೆ ಒಮ್ಮೆಲೇ ಹೆಚ್ಚುತ್ತದೆ. ಆಪ್ನಿಯಾ ಇರುವವರ ಉಸಿರು ಹೆಚ್ಚು ಬಾರಿ ನಿಲ್ಲುವುದು ಮೂರನೇ ರಾತ್ರಿಯ ಸುಮಾರಿಗೆ. ಅಷ್ಟರಲ್ಲಿ ಅನೇಕರು ಮನೆ ಸೇರಿರುತ್ತಾರೆ. ಹಾಗಾಗಿ ಮನೆಯಲ್ಲೂ ಕೆಲವು ದಿನ ತಲೆಯ ಕಡೆ ಎತ್ತರಿಸಿ ಮಲಗುವುದು, ಹಗಲು ಜೊಂಪಿಗೂ ಯಂತ್ರ ಹಾಕಿಕೊಳ್ಳುವುದು, ನೋವಿನ ಮಾತ್ರೆಯನ್ನು ಬರೆದುಕೊಟ್ಟ ಪ್ರಮಾಣದಲ್ಲೇ ನುಂಗುವುದು ಅಗತ್ಯ.